ಮಕ್ಕಳಿಗೆ ಹೇಳುವ ಮಹಾತ್ಮರ ಚರಿತೆ

ಎಳೆಯ ವಯಸ್ಸಿನಲ್ಲಿ ಕೇಳಿದುದು ಮನಸ್ಸಿನಲ್ಲಿ ಬೇರೂರುವಂತೆ ಪ್ರೌಢವಯಸ್ಸಿನಲ್ಲಿ ಓದಿದುದು ಬೇರೂರುವುದಿಲ್ಲ. ಎಂಟು ವರ್ಷದ ಬಾಲಕನಿಗೆ ಷಟ್‌ಸ್ಥಲದ ವಿವರವನ್ನು ಹೇಳಹೊರಟರೆ ಅವನಿಗೆ ನಿದ್ರೆ ಬಂದೀತು. ಅದೇ ಬಾಲಕನಿಗೆ ಒಬ್ಬ ಶರಣನ ಬಾಳಿನ ಒಂದು ಪ್ರಸಂಗವನ್ನು ಹೇಳಿದರೆ ಕಣ್ಣರಳಿಸಿ, ‘ಆಮೇಲೆ ಏನಾಯಿತು?’ ಎಂದು ಕೇಳುವನು. ತತ್ತ್ವವು ಒಬ್ಬ ಮನುಷ್ಯನ ನಡೆಯಾಗಿ ಕಣ್ಣ ಮುಂದೆ ನಿಂತಾಗಲೇ ಮಗುವಿಗೆ ಅದು ಗ್ರಾಹ್ಯವಾಗುವುದು.

ಈ ಮರ್ಮವನ್ನು ನಮ್ಮ ಪೂರ್ವಿಕರು ಚೆನ್ನಾಗಿ ಅರಿತಿದ್ದರು. ಹಂಪೆಯ ಹರಿಹರನು ಸುಮಾರು ೧೨೦೦ರ ಕಾಲದಲ್ಲಿ ರಾಜರ ಸ್ತುತಿಯನ್ನು ಬಿಟ್ಟು, ಶಿವಭಕ್ತರ ಚರಿತ್ರೆಗಳನ್ನು ರಗಳೆಯ ಸುಲಭವಾದ ನಡೆಯಲ್ಲಿ ಹಾಡಿದನು. ಅರುವತ್ತುಮೂವರು ಪುರಾತನರ ಕಥೆಗಳೂ ಬಸವಾದಿ ಶರಣರ ಕಥೆಗಳೂ ಹೀಗೆಯೇ ಮಠದ ಪ್ರವಚನದಿಂದ ಮನೆಯ ಜಗಲಿಗೆ, ಅಜ್ಜಿಯ ಬಾಯಿಂದ ಮೊಮ್ಮಗುವಿನ ಕಿವಿಗೆ ಹರಿದುಬಂದವು.

ಮುದ್ರಣವು ಬಂದ ಮೇಲೆ ಅಜ್ಜಿಯ ಸ್ಥಾನವನ್ನು ಬಹುಮಟ್ಟಿಗೆ ಪುಸ್ತಕವು ವಹಿಸಿಕೊಂಡಿತು. ಕಾರ್ಕಳದಲ್ಲಿ ಜನಿಸಿದ ಅನಂತ ಪೈಯವರು ೧೯೬೭ರಲ್ಲಿ ಮುಂಬಯಿಯಿಂದ ‘ಅಮರ ಚಿತ್ರ ಕಥೆ’ಯನ್ನು ಆರಂಭಿಸಿ, ಪುರಾಣಪುರುಷರನ್ನೂ ಐತಿಹಾಸಿಕ ವ್ಯಕ್ತಿಗಳನ್ನೂ ಚಿತ್ರಗಳ ಮೂಲಕ ಮಕ್ಕಳ ಮುಂದೆ ತಂದರು. ಬೆಂಗಳೂರಿನ ರಾಷ್ಟ್ರೋತ್ಥಾನ ಪರಿಷತ್ತು ೧೯೭೦ರ ದಶಕದಲ್ಲಿ ‘ಭಾರತ ಭಾರತಿ’ ಎಂಬ ಮಾಲೆಯನ್ನು ಕೈಗೊಂಡು, ಪ್ರೊ. ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ೫೧೦ ಕಿರುಪುಸ್ತಕಗಳನ್ನು ಪ್ರಕಟಿಸಿತು. ಸಣ್ಣ ಆಕಾರದ ಆ ಪುಸ್ತಕಗಳನ್ನು ಓದಿ ಬೆಳೆದವರು ಇಂದು ನಮ್ಮ ನಡುವೆ ತಂದೆತಾಯಿಗಳಾಗಿ, ಅಜ್ಜ ಅಜ್ಜಿಯರಾಗಿ ಇದ್ದಾರೆ. ಒಂದು ಭಾಷೆಯಲ್ಲಿ ಮಕ್ಕಳಿಗಾಗಿ ಇಷ್ಟು ಜೀವನಚರಿತ್ರೆಗಳು ಒಂದೇ ಮಾಲೆಯಲ್ಲಿ ಬಂದುದು ಅಲ್ಪಕಾರ್ಯವಲ್ಲ.

ಪುಸ್ತಕಗಳು ದೊರೆಯುವ ಕಾಲದಲ್ಲಿ ವಿವೇಚನೆಯೂ ಬೇಕಾಗುವುದು. ಯಾವ ಚರಿತೆಯನ್ನು ಮಗುವಿನ ಕೈಗೆ ಕೊಡಬೇಕು? ಅದನ್ನು ಹೇಗೆ ಓದಿಸಬೇಕು? ಸದ್ಗೃಹಸ್ಥರು ಯೋಚಿಸತಕ್ಕ ಪ್ರಶ್ನೆಗಳಿವು. ಇವುಗಳಿಗೆ ಉತ್ತರವನ್ನು ನಮಗೆಲ್ಲ ಪರಿಚಿತವಾದ ಕೆಲವು ಚರಿತೆಗಳಿಂದಲೇ ಹುಡುಕೋಣ.

ಒಂದು: ಬಸವಣ್ಣನವರ ಚರಿತೆ

ಬಸವಣ್ಣನವರ ಬಾಲ್ಯದ ಕಥೆಯನ್ನು ಅರಿಯದ ಮನೆ ನಮ್ಮಲ್ಲಿಲ್ಲ. ಬಾಗೇವಾಡಿಯಲ್ಲಿ ಮಾದರಸ ಮಾದಲಾಂಬಿಕೆಯರ ಮಗನಾಗಿ ಜನಿಸಿದರು. ಎಂಟನೆಯ ವರ್ಷದಲ್ಲಿ ಉಪನಯನವನ್ನು ನಿರಾಕರಿಸಿ ಮನೆಯನ್ನು ತೊರೆದರು—ಹೀಗೆ ಮಕ್ಕಳ ಪುಸ್ತಕಗಳಲ್ಲಿ ಕಾಣುವೆವು. ಈ ಕಥೆಯ ಮೂಲವು ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ. ಅದನ್ನು ಅನುಸರಿಸಿ ಭೀಮಕವಿಯು ೧೩೬೯ರಲ್ಲಿ ಕನ್ನಡ ಬಸವಪುರಾಣವನ್ನು ರಚಿಸಿದನು. ಆದರೆ ಹರಿಹರನ ‘ಬಸವರಾಜದೇವರ ರಗಳೆ’ಯು ಹೇಳುವುದು ಬೇರೊಂದು ಕಥೆಯನ್ನು. ಅಲ್ಲಿ ಬಾಲಕ ಬಸವನು ತಂದೆತಾಯಿಗಳನ್ನು ಬೇಗನೆ ಕಳೆದುಕೊಂಡು ಮುತ್ತಜ್ಜಿಯ ಆಶ್ರಯದಲ್ಲಿ ಬೆಳೆಯುತ್ತಾನೆ. ಹದಿನಾರನೆಯ ವಯಸ್ಸಿನಲ್ಲಿ, ಕರ್ಮಮಾರ್ಗವೂ ಶಿವಭಕ್ತಿಯೂ ಒಟ್ಟಿಗೆ ನಿಲ್ಲಲಾರವೆಂದು ನಿಶ್ಚಯಿಸಿ, ಜನಿವಾರವನ್ನು ಕಿತ್ತುಹಾಕಿ ಸಂಗಮಕ್ಕೆ ಬರುತ್ತಾನೆ.

ಎರಡೂ ಭಕ್ತಕವಿಗಳ ಕೃತಿಗಳು; ಎರಡಕ್ಕೂ ನಮ್ಮಲ್ಲಿ ಗೌರವವುಂಟು. ಒಂದರಲ್ಲಿ ತಂದೆಯ ಎದುರು ನಿಂತ ಎಂಟರ ಬಾಲಕ, ಮತ್ತೊಂದರಲ್ಲಿ ಅನಾಥನಾಗಿ ಬೆಳೆದು ತಾನೇ ಆಲೋಚಿಸಿ ಹೊರಟ ಹದಿನಾರರ ತರುಣ. ಹುಟ್ಟಿದ ವರ್ಷದ ವಿಷಯದಲ್ಲಿಯೂ ವಿದ್ವಾಂಸರಿಗೆ ಒಮ್ಮತವಿಲ್ಲ. ೧೧೦೫ ಎನ್ನುವವರುಂಟು, ೧೧೩೧ ಎನ್ನುವವರುಂಟು, ೧೧೩೪ ಎನ್ನುವವರೂ ಉಂಟು. ಹೀಗಿರುವಲ್ಲಿ ಮಗುವಿಗೆ ಏನನ್ನು ಹೇಳಬೇಕು?

ನಮ್ಮ ಪಾಠಶಾಲೆಯ ಒಬ್ಬ ವಿದ್ಯಾರ್ಥಿಯು ಎರಡು ಪುಸ್ತಕಗಳನ್ನು ಹಿಡಿದುಕೊಂಡು ಬಂದು, ‘ಇವೆರಡರಲ್ಲಿ ಯಾವುದು ಸುಳ್ಳು?’ ಎಂದು ಕೇಳಿದುದುಂಟು. ಅವನಿಗೆ ಕೊಟ್ಟ ಉತ್ತರವಿಷ್ಟೆ: ‘ಸುಳ್ಳು ಹೇಳಬೇಕೆಂದು ಯಾರೂ ಬರೆಯಲಿಲ್ಲ. ಬಸವಣ್ಣನವರನ್ನು ಕಣ್ಣಾರೆ ಕಂಡವರು ಮರೆಯಾದ ಮೇಲೆ, ಕೇಳಿದುದನ್ನು ಒಬ್ಬ ಕವಿಯು ಕನ್ನಡದಲ್ಲಿಯೂ ಮತ್ತೊಬ್ಬನು ತೆಲುಗಿನಲ್ಲಿಯೂ ಬರೆದಿಟ್ಟನು. ಇಬ್ಬರೂ ಒಪ್ಪಿ ಹೇಳಿದುದು ಯಾವುದು, ಹುಡುಕು.’ ಹುಡುಗನು ಮರುದಿನ ಬಂದು, ‘ಬಾಗೇವಾಡಿ, ಸಂಗಮ, ಜನಿವಾರ ಬೇಡವೆಂದುದು—ಈ ಮೂರು ಎರಡರಲ್ಲಿಯೂ ಇವೆ’ ಎಂದನು. ಇತಿಹಾಸವನ್ನು ಓದುವ ಕ್ರಮದ ಮೊದಲ ಪಾಠ ಅವನಿಗೆ ಆಗಿಹೋಯಿತು. ಬಸವಣ್ಣನವರ ಮೇಲಿನ ಭಕ್ತಿಯೂ ಅವನಲ್ಲಿ ಕಡಮೆಯಾಗಲಿಲ್ಲ. ತಾನೇ ಕಂಡುಕೊಂಡುದೆಂಬ ಸಂತೋಷ ಅದರೊಡನೆ ಸೇರಿತು.

ಅಂತಹ ಹುಡುಗನಿಗೆ ಮುಂದಿನ ಮೆಟ್ಟಿಲನ್ನೂ ತೋರಿಸಬಹುದು. ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿ ೧೨೬೦ರ ಒಂದು ಶಿಲಾಶಾಸನವಿದೆ. ಅದರಲ್ಲಿ ಬಾಗೇವಾಡಿಯ ಹೆಸರೂ ಸಂಗನಬಸವನ ಹೆಸರೂ ಬಂದಿವೆ. ಕವಿಯ ಮಾತಿಗೆ ಕಲ್ಲು ಸಾಕ್ಷಿ ನುಡಿಯುವುದನ್ನು ಕಂಡಾಗ ಮಗುವಿನ ಮುಖದಲ್ಲಿ ಮೂಡುವ ಬೆರಗು ಪವಾಡದ ಕಥೆಯನ್ನು ಕೇಳಿದಾಗ ಮೂಡುವ ಬೆರಗಿಗಿಂತ ಕಡಮೆಯದಲ್ಲ.

ಇಲ್ಲಿ ಪವಾಡಗಳ ವಿಷಯವು ತಾನಾಗಿಯೇ ಬರುತ್ತದೆ. ಬಸವಣ್ಣನವರಿಗೆ ಬಿಜ್ಜಳನ ಆಸ್ಥಾನದಲ್ಲಿ ಸ್ಥಾನವು ಹೇಗೆ ದೊರೆಯಿತು? ಯಾರಿಂದಲೂ ಓದಲಾಗದ ಲಿಪಿಯನ್ನು ಓದಿ ನಿಧಿಯನ್ನು ತೋರಿಸಿದರೆಂದು ಒಂದು ಕಥೆಯುಂಟು. ಹರಿಹರನು ಹೇಳುವುದು ಸರಳವಾದ ಸಂಗತಿಯನ್ನು. ಮಂಗಳವಾಡದಲ್ಲಿ ಕರಣಿಕರು ಲೆಕ್ಕ ಬರೆಯುತ್ತಿದ್ದ ಸ್ಥಳಕ್ಕೆ ಬಸವನು ಹೋದನು. ಅವರ ಲೆಕ್ಕದಲ್ಲಿ ನುಸುಳಿದ್ದ ತಪ್ಪನ್ನು ಕಂಡು ತೋರಿಸಿಕೊಟ್ಟನು. ಭಂಡಾರದ ಅಧಿಕಾರಿಯಾದ ಸಿದ್ಧದಂಡನಾಥನು ಮೆಚ್ಚಿ ಕೆಲಸ ಕೊಟ್ಟನು. ಮಕ್ಕಳ ಪುಸ್ತಕಗಳಲ್ಲಿ ನಿಧಿಯ ಕಥೆಗೆ ಹೆಚ್ಚು ಪುಟಗಳು ದೊರೆಯುತ್ತವೆ. ಲೆಕ್ಕದ ಕಥೆಗೆ ಒಂದು ಸಾಲೂ ಸಿಕ್ಕುವುದು ಅಪೂರ್ವ. ಆದರೆ ಗಣಿತದ ಹಲಗೆಯನ್ನು ಹಿಡಿದು ಕುಳಿತ ಹುಡುಗನಿಗೆ ಯಾವುದು ಹೆಚ್ಚು ಸಮೀಪದ್ದು? ಅವನು ನಿಧಿಯ ಲಿಪಿಯನ್ನು ಎಂದೂ ಓದಲಾರನು. ಕೂಡುವ ಕಳೆಯುವ ಲೆಕ್ಕವನ್ನು ತಪ್ಪಿಲ್ಲದೆ ಮಾಡುವುದನ್ನು ಇಂದೇ ಕಲಿಯಬಲ್ಲನು. ರಾಜಭಂಡಾರದ ಹಣಕ್ಕೆ ಪ್ರಾಮಾಣಿಕನಾಗಿ ನಿಂತ ಒಬ್ಬ ಪುರುಷನ ಬಾಳು ಒಂದು ಲೆಕ್ಕದ ತಪ್ಪನ್ನು ತಿದ್ದುವುದರಿಂದ ಆರಂಭವಾಯಿತೆಂಬುದಕ್ಕಿಂತ ಒಳ್ಳೆಯ ಪಾಠ ಬಾಲಕರಿಗೆ ಬೇರೆ ಯಾವುದಿದೆ?

ಮಹಾತ್ಮರನ್ನು ಹುಟ್ಟಿನಿಂದಲೇ ಪರಿಪೂರ್ಣರೆಂದು ಚಿತ್ರಿಸುವುದರಿಂದ ಇನ್ನೊಂದು ಹಾನಿಯುಂಟು. ‘ಅವರು ದೇವರ ಅವತಾರ, ನಾವು ಸಾಮಾನ್ಯ ಮನುಷ್ಯರು, ಅವರಂತೆ ನಡೆಯುವುದು ನಮ್ಮಿಂದಾಗದು’ ಎಂದು ಮಗುವು ಕೈಮುಗಿದು ದೂರ ಸರಿಯುತ್ತದೆ. ನಮಸ್ಕಾರವು ಅನುಸರಣೆಯಿಂದ ತಪ್ಪಿಸಿಕೊಳ್ಳುವ ಉಪಾಯವಾಗಿಬಿಡುತ್ತದೆ. ಬಸವಣ್ಣನವರ ವಚನಗಳನ್ನು ತೆರೆದು ನೋಡಿದರೆ ಅಲ್ಲಿರುವ ಮನುಷ್ಯನು ಬೇರೆ. ತನ್ನ ಮನಸ್ಸಿನ ಚಾಂಚಲ್ಯವನ್ನು ತಾನೇ ಎತ್ತಿ ಆಡುತ್ತಾನೆ. ತನ್ನ ಭಕ್ತಿ ತೋರಿಕೆಯದಾಯಿತೇ ಎಂದು ಅಂಜುತ್ತಾನೆ. ಎಲ್ಲರ ಮುಂದೆ ತನ್ನನ್ನು ತಾನು ಸಣ್ಣವನನ್ನಾಗಿ ಮಾಡಿಕೊಳ್ಳುತ್ತಾನೆ. ಹುಟ್ಟಿನಿಂದ ಪರಿಪೂರ್ಣನಾದವನಿಗೆ ಈ ತಳಮಳವೇಕೆ? ಪಾಠದಲ್ಲಿ ಮನಸ್ಸು ನಿಲ್ಲದೆ ಪೆಟ್ಟು ತಿಂದ ಹುಡುಗನಿಗೆ, ಕಲ್ಯಾಣದ ದಂಡನಾಯಕನೂ ತನ್ನ ಮನಸ್ಸಿನೊಡನೆ ಹೆಣಗಾಡಿದನೆಂದು ಹೇಳಿ ನೋಡಿರಿ. ಆ ಹುಡುಗನಿಗೆ ಅಂದಿನಿಂದ ಬಸವಣ್ಣನವರು ಪಟದಲ್ಲಿರುವ ದೇವರಾಗಿ ಉಳಿಯುವುದಿಲ್ಲ, ತನ್ನ ಕಷ್ಟವನ್ನು ಬಲ್ಲ ಹಿರಿಯರಾಗುತ್ತಾರೆ.

ಹಾಗಾದರೆ ಪವಾಡದ ಕಥೆಗಳನ್ನು ಹೇಳಲೇಬಾರದೆ? ಹಾಗಲ್ಲ. ಕೋಳೂರಿನ ಕೊಡಗೂಸು ಎಂಬ ಮುಗ್ಧೆಯು ಶಿವನಿಗೆ ಹಾಲು ಕುಡಿಸಲು ಹಟ ಹಿಡಿದ ಕಥೆಯನ್ನು ಹರಿಹರನು ಹಾಡಿದ್ದಾನೆ. ಅದನ್ನು ಕೇಳದೆ ಬೆಳೆದ ಮಗು ಒಂದು ಸಂಪತ್ತನ್ನು ಕಳೆದುಕೊಂಡಂತೆಯೆ. ಅದು ನಂಬಿಕೆಯ ಕಥೆ. ನಂಬಿಕೆಯ ಕಥೆಯಾಗಿಯೇ ಅದನ್ನು ಹೇಳಬೇಕು. ಶಾಸನವನ್ನೂ ವರ್ಷವನ್ನೂ ಹೇಳುವ ಧ್ವನಿಯಲ್ಲಿಯೇ ಅದನ್ನೂ ಹೇಳಿದರೆ ಕೇಡು ಆರಂಭವಾಗುವುದು. ಎಂಟನೆಯ ವರ್ಷದಲ್ಲಿ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಒಪ್ಪಿಕೊಂಡ ಬಾಲಕನು, ಹದಿನೈದನೆಯ ವರ್ಷದಲ್ಲಿ ವಿಜ್ಞಾನವನ್ನು ಓದಿ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಎಸೆದುಬಿಡುತ್ತಾನೆ. ಪವಾಡದೊಡನೆ ಕಾಯಕವೂ ಹೋಗುತ್ತದೆ, ದಾಸೋಹವೂ ಹೋಗುತ್ತದೆ, ಜಾತಿಯನ್ನು ಎಣಿಸಬಾರದೆಂಬ ಉಪದೇಶವೂ ಹೋಗುತ್ತದೆ. ಇಂತಹ ತರುಣರು ನಮ್ಮ ಮನೆಗಳಲ್ಲಿಯೇ ಇದ್ದಾರೆ. ಅವರು ಧರ್ಮವನ್ನು ಬಿಟ್ಟರೆಂದು ಹಿರಿಯರು ಮರುಗುತ್ತಾರೆ. ಬಾಲ್ಯದಲ್ಲಿ ಅವರಿಗೆ ಕಥೆಯನ್ನೂ ಚರಿತ್ರೆಯನ್ನೂ ಬೇರೆ ಬೇರೆಯಾಗಿ ಕೊಟ್ಟಿದ್ದರೆ, ಒಂದನ್ನು ಪ್ರಶ್ನಿಸುವಾಗ ಮತ್ತೊಂದು ಕೈಯಲ್ಲಿ ಉಳಿಯುತ್ತಿತ್ತು.

ಮಕ್ಕಳ ಪುಸ್ತಕಗಳು ಹೆಚ್ಚಾಗಿ ಕಾಲೆಡವುವ ಸ್ಥಳ ಇನ್ನೊಂದಿದೆ. ಅದು ಕಲ್ಯಾಣದ ಕೊನೆಯ ಪ್ರಸಂಗ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವಯ್ಯನ ಮಗಳಿಗೂ ವಿವಾಹವಾಯಿತೆಂದೂ, ಅದಕ್ಕಾಗಿ ಹಿರಿಯರಿಬ್ಬರಿಗೆ ಕ್ರೂರವಾದ ಮರಣದಂಡನೆಯಾಯಿತೆಂದೂ, ಕಲ್ಯಾಣದಲ್ಲಿ ಕ್ಷೋಭೆಯುಂಟಾಗಿ ಶರಣರು ಚದುರಿದರೆಂದೂ ನಂತರದ ಕಾವ್ಯಪುರಾಣಗಳು ಹೇಳುತ್ತವೆ. ನಮಗೆ ದೊರೆತಿರುವ ಹರಿಹರನ ರಗಳೆಯಲ್ಲಿ ಈ ಭಾಗವಿಲ್ಲ. ಬಿಜ್ಜಳನ ಆಳ್ವಿಕೆಯು ಸುಮಾರು ೧೧೬೭ರ ಹೊತ್ತಿಗೆ ಮುಗಿಯಿತು. ಕೆಲವು ಪುಸ್ತಕಗಳು ಈ ಪ್ರಸಂಗವನ್ನು ಮಕ್ಕಳಿಗೆ ತಕ್ಕುದಲ್ಲವೆಂದು ಬಿಟ್ಟುಬಿಡುತ್ತವೆ. ಆಗ ಬಸವಣ್ಣನವರು ಅಧಿಕಾರವನ್ನು ಏಕೆ ತೊರೆದರು, ಸಂಗಮಕ್ಕೆ ಏಕೆ ಹಿಂದಿರುಗಿದರು ಎಂಬುದು ಮಗುವಿಗೆ ತಿಳಿಯುವುದೇ ಇಲ್ಲ. ಬೇರೆ ಕೆಲವು ಪುಸ್ತಕಗಳು ಹಿಂಸೆಯನ್ನೇ ಚಿತ್ರದೊಡನೆ ವರ್ಣಿಸುತ್ತವೆ. ಎರಡೂ ಸಲ್ಲದು. ಎಂಟರ ಮಗುವಿಗೆ, ‘ಮನುಷ್ಯರೆಲ್ಲ ಸಮಾನರೆಂದು ನಡೆದು ತೋರಿಸಿದುದಕ್ಕಾಗಿ ಆ ಹಿರಿಯರು ಪ್ರಾಣವನ್ನು ಕೊಡಬೇಕಾಯಿತು’ ಎಂದರೆ ಸಾಕು. ಹದಿನಾಲ್ಕರ ವಯಸ್ಸಿನಲ್ಲಿ ಉಳಿದುದನ್ನು ತಿಳಿಯಲಿ. ಹೇಳುವ ವಿವರವು ವಯಸ್ಸಿಗೆ ತಕ್ಕಂತೆ ಕಡಮೆಯಾಗಬಹುದು. ಹೇಳಿದಷ್ಟು ಮಾತು ಮಾತ್ರ ನಿಜವಾಗಿರಬೇಕು.

ಎರಡು: ಕಿತ್ತೂರಿನ ರಾಣಿ

ಬಸವಣ್ಣನವರ ಕಾಲಕ್ಕೆ ಸಾಕ್ಷಿಗಳು ವಿರಳ. ಸಾಕ್ಷಿಗಳು ಹೇರಳವಾಗಿರುವ ಕಾಲದ ಚರಿತೆಯಲ್ಲಿಯೂ ಎಡವುವುದುಂಟು. ಕಿತ್ತೂರಿನ ಚೆನ್ನಮ್ಮನವರು ಕಾಕತಿಯಲ್ಲಿ ಜನಿಸಿದರು. ದೇಸಾಯಿ ಮಲ್ಲಸರ್ಜನ ಪತ್ನಿಯಾದರು. ಸಂಸ್ಥಾನದ ದತ್ತುಪುತ್ರನನ್ನು ಕಂಪನಿ ಸರಕಾರವು ಒಪ್ಪದಿದ್ದಾಗ ಅವರು ಎದುರಿಸಿ ನಿಂತರು. ೧೮೨೪ರ ಅಕ್ಟೋಬರ್ ೨೩ರಂದು ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು. ಹಲವು ಮಕ್ಕಳ ಕಥೆಗಳು ಈ ಜಯಘೋಷದಲ್ಲಿಯೇ ಸಮಾಪ್ತವಾಗುತ್ತವೆ.

ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ದೊಡ್ಡ ಸೈನ್ಯವು ಬಂದು ಕೋಟೆಯನ್ನು ವಶಪಡಿಸಿಕೊಂಡಿತು. ರಾಣಿಯು ಬೈಲಹೊಂಗಲದ ಕೋಟೆಯಲ್ಲಿ ನಾಲ್ಕು ವರ್ಷಕ್ಕೂ ಮಿಕ್ಕಿ ಸೆರೆಯಲ್ಲಿದ್ದು, ೧೮೨೯ರ ಫೆಬ್ರುವರಿ ೨ರಂದು ಅಲ್ಲಿಯೇ ದೇಹವಿಟ್ಟರು. ಅವರ ಪಕ್ಷವನ್ನು ಬಿಡದೆ ಹೋರಾಡಿದ ಸಂಗೊಳ್ಳಿ ರಾಯಣ್ಣನನ್ನು ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಸೋಲನ್ನು ಮುಚ್ಚಿಟ್ಟರೆ ಮಗುವು ಧೈರ್ಯವೆಂದರೆ ಗೆಲ್ಲುವುದೆಂದು ತಿಳಿಯುತ್ತದೆ. ಗೆಲುವು ಖಂಡಿತವಿಲ್ಲದಿರುವಾಗಲೂ ನ್ಯಾಯದ ಪಕ್ಷದಲ್ಲಿ ನಿಲ್ಲುವುದೇ ಧೈರ್ಯವೆಂಬ ಅರಿವು ಬೈಲಹೊಂಗಲದ ಸೆರೆಮನೆಯನ್ನು ಕಂಡ ಮಗುವಿಗೆ ಮಾತ್ರ ಬಂದೀತು.

ಈ ಚರಿತೆಯಲ್ಲಿ ಮಕ್ಕಳ ಪುಸ್ತಕಗಳು ಸಾಮಾನ್ಯವಾಗಿ ಬಿಡುವ ಇನ್ನೊಂದು ಸಂಗತಿಯೂ ಇದೆ. ಅಂದಿನ ಕಾಳಗದಲ್ಲಿ ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಆಂಗ್ಲ ಅಧಿಕಾರಿಗಳು ಕಿತ್ತೂರಿನವರ ಕೈಯಲ್ಲಿ ಸೆರೆಯಾದರು. ಅವರ ಪ್ರಾಣಕ್ಕೆ ಅಪಾಯ ಮಾಡದೆ ಮುಂದೆ ಬಿಟ್ಟುಕೊಡಲಾಯಿತು. ಆ ವಾಲ್ಟರ್ ಎಲಿಯಟ್ಟನೇ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿ, ೧೮೩೭ರಲ್ಲಿ ಅವುಗಳ ಆಧಾರದಿಂದ ಚಾಲುಕ್ಯರ ಇತಿಹಾಸವನ್ನು ಕುರಿತು ಬರೆದನು. ಸೆರೆಯಾಳನ್ನು ಉಳಿಸಿದ ಕಿತ್ತೂರಿನವರ ಔದಾರ್ಯದಿಂದ ನಮ್ಮ ಇತಿಹಾಸಕ್ಕೇ ಉಪಕಾರವಾಯಿತು. ಶತ್ರುವನ್ನು ಕೊಂದ ಕಥೆಯನ್ನು ಹೇಳುವಾಗ ಶತ್ರುವನ್ನು ಉಳಿಸಿದ ಕಥೆಯನ್ನೂ ಹೇಳಿದರೆ ಮಗುವಿನ ಮನಸ್ಸಿನಲ್ಲಿ ಶೌರ್ಯವು ದ್ವೇಷವಾಗಿ ಕೊಳೆಯುವುದಿಲ್ಲ.

ಮೂರು: ತಾಳೆಯೋಲೆಗಳ ಫಕೀರಪ್ಪನವರು

ಮಕ್ಕಳಿಗೆ ಹೇಳುವ ಮಹಾತ್ಮರೆಲ್ಲರೂ ಕಿರೀಟವನ್ನಾಗಲಿ ಖಡ್ಗವನ್ನಾಗಲಿ ಧರಿಸಿರಬೇಕಾಗಿಲ್ಲ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ೧೮೮೦ರಲ್ಲಿ ಧಾರವಾಡದಲ್ಲಿ ಜನಿಸಿದರು; ವಿಜಯಪುರದಲ್ಲಿ ವಕೀಲರಾದರು. ಮನೆಮನೆಗಳ ಅಟ್ಟದ ಮೇಲೆ ಹುಳು ತಿನ್ನುತ್ತಿದ್ದ ವಚನಗಳ ಓಲೆಗಳನ್ನು ಹುಡುಕಿ, ಪ್ರತಿಮಾಡಿ, ತಾಳೆನೋಡಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ೧೯೨೫ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನೂ ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಸ್ಥಾಪಿಸಿದರು. ಈ ಕಾರ್ಯಕ್ಕಾಗಿ ವಾಸದ ಮನೆಯನ್ನೇ ಮಾರಿದರು. ೧೯೬೪ರ ಜೂನ್ ೨೯ರಂದು ಲಿಂಗೈಕ್ಯರಾದರು.

ಈ ಬಾಳಿನಲ್ಲಿ ಪವಾಡವಿಲ್ಲ, ಯುದ್ಧವಿಲ್ಲ. ಹಾಗೆಂದು ಮಗುವಿಗೆ ಬೇಸರವಾಗುವುದೆಂದು ತಿಳಿಯಬೇಡಿರಿ. ಒಂದು ತಾಳೆಯೋಲೆಯನ್ನು ಕೈಗೆ ಕೊಟ್ಟು, ‘ಇಂತಹ ಕಟ್ಟುಗಳಿಗಾಗಿ ಒಬ್ಬರು ಮನೆಯನ್ನು ಮಾರಿದರು’ ಎಂದು ಹೇಳಿರಿ. ‘ಏಕೆ?’ ಎಂದು ಅದು ಕೇಳದೆ ಇರದು. ಆ ಒಂದು ‘ಏಕೆ’ಯೊಳಗೆ ಇಡೀ ಪಾಠವಿದೆ. ನಾವು ಇಂದು ದಿನವೂ ಬಾಯಿಪಾಠ ಹೇಳುವ ವಚನಗಳಲ್ಲಿ ಎಷ್ಟೋ ವಚನಗಳು ಇಂತಹ ಒಬ್ಬರ ದುಡಿಮೆಯಿಂದ ನಮಗೆ ಉಳಿದುಬಂದವೆಂದು ತಿಳಿದ ಮಗು ಪುಸ್ತಕವನ್ನು ಹರಿಯಲು ಹಿಂದೆಗೆಯುತ್ತದೆ. ಕಾಯಕವೆಂಬ ಮಾತಿಗೆ ಇದಕ್ಕಿಂತ ಸುಲಭವಾದ ವ್ಯಾಖ್ಯಾನವಿಲ್ಲ.

ಗೃಹಸ್ಥರಿಗೆ ಕೆಲವು ಸೂಚನೆಗಳು

ಇಷ್ಟನ್ನು ಹೇಳಿದ ಮೇಲೆ, ಪುಸ್ತಕವನ್ನು ಕೊಳ್ಳುವ ತಂದೆತಾಯಿಗಳು ಗಮನಿಸತಕ್ಕ ಅಂಶಗಳನ್ನು ಸಂಗ್ರಹಿಸಿ ಹೇಳಬಹುದು.

ಮೊದಲನೆಯದಾಗಿ, ‘ಎಂದು ಹರಿಹರನು ಹೇಳಿದ್ದಾನೆ’, ‘ಎಂದು ಶಾಸನದಲ್ಲಿದೆ’, ‘ಎಂದು ಜನರು ಹೇಳುತ್ತಾರೆ’ ಎಂಬ ಮಾತುಗಳು ಪುಸ್ತಕದಲ್ಲಿವೆಯೆ ನೋಡಿರಿ. ಇಲ್ಲದಿದ್ದರೆ ಓದಿ ಹೇಳುವಾಗ ನೀವೇ ಸೇರಿಸಿರಿ. ಅಕ್ಕಮಹಾದೇವಿಯ ಚರಿತೆಯನ್ನೇ ತೆಗೆದುಕೊಳ್ಳಿ. ಕೌಶಿಕನೊಡನೆ ಅಕ್ಕನ ವಿವಾಹವಾಯಿತೆಂದು ಹರಿಹರನ ರಗಳೆ. ಆಗಲಿಲ್ಲವೆಂದು ಚಾಮರಸನ ‘ಪ್ರಭುಲಿಂಗಲೀಲೆ’. ಒಂದನ್ನು ಹೇಳಿ ಮತ್ತೊಂದನ್ನು ಮರೆಸಿದರೆ, ಮಗುವು ನಾಳೆ ಬೇರೆಯವರಿಂದ ಅದನ್ನು ಕೇಳಿದಾಗ ನಿಮ್ಮನ್ನೇ ಸಂಶಯಿಸುವುದು.

ಎರಡನೆಯದಾಗಿ, ಸಂಭಾಷಣೆಗಳ ವಿಷಯ. ಕಥೆಗೆ ಜೀವ ಬರಲೆಂದು ಲೇಖಕರು ಮಾತುಗಳನ್ನು ಕಲ್ಪಿಸುವುದು ಸಹಜ. ‘ಬಾ ಮಗು’ ಎಂದು ಮುತ್ತಜ್ಜಿಯಿಂದ ಹೇಳಿಸಿದರೆ ದೋಷವಿಲ್ಲ. ಆದರೆ ಹೊಸದಾಗಿ ಕಟ್ಟಿದ ಮಾತಿಗೆ ಶರಣರ ಅಂಕಿತವನ್ನು ಹಚ್ಚಿ ವಚನವೆಂದು ಕೊಡುವುದು ಮಾತ್ರ ಸಲ್ಲದು. ಅಂಕಿತವೆಂಬುದು ಶರಣರ ಕೈಮುದ್ರೆ. ಅದನ್ನು ಪರರು ಒತ್ತುವಂತಿಲ್ಲ. ಸಂಶಯ ಬಂದಾಗ ಅಚ್ಚಾಗಿರುವ ವಚನಸಂಪುಟದಲ್ಲಿ ಹುಡುಕಿ ನೋಡಿರಿ. ಮಗುವನ್ನೂ ಹತ್ತಿರ ಕೂರಿಸಿಕೊಂಡು ಹುಡುಕಿದರೆ ಇನ್ನೂ ಲೇಸು.

ಮೂರನೆಯದಾಗಿ, ಹುಟ್ಟಿದ ವರ್ಷ, ಊರು, ತಂದೆಯ ಹೆಸರು ಇವುಗಳನ್ನು ಮಾತ್ರ ಬಾಯಿಪಾಠ ಮಾಡಿಸಿ ಚರಿತೆಯನ್ನು ಮುಗಿಸಬೇಡಿರಿ. ಜಯಂತಿಯ ದಿನ ಹೇಳುವ ಭಾಷಣಕ್ಕೆ ಅದು ಸಾಕಾದೀತು, ಬಾಳಿಗೆ ಸಾಲದು. ಓದಿ ಮುಗಿದ ಮೇಲೆ ಒಂದೇ ಪ್ರಶ್ನೆಯನ್ನು ಕೇಳಿರಿ: ‘ಇವರು ಮಾಡಿದುದರಲ್ಲಿ ನೀನು ಈ ವಾರ ಮಾಡಬಹುದಾದುದು ಯಾವುದು?’ ಲೆಕ್ಕವನ್ನು ತಪ್ಪಿಲ್ಲದೆ ಮಾಡುವುದು, ಜೊತೆಯ ಹುಡುಗನ ಜಾತಿಯನ್ನು ಕೇಳದೆ ಪಂಕ್ತಿಯಲ್ಲಿ ಕುಳಿತು ಉಣ್ಣುವುದು, ಹರಿದ ಪುಸ್ತಕಕ್ಕೆ ರಟ್ಟು ಹಾಕುವುದು—ಇಂತಹ ಸಣ್ಣ ಉತ್ತರವೇ ಬರಲಿ.

ನಾಲ್ಕನೆಯದಾಗಿ, ಪುಸ್ತಕವನ್ನು ಕೊಟ್ಟು ನೀವು ಎದ್ದುಹೋಗಬೇಡಿರಿ. ಪೂಜೆಯಾದ ಮೇಲೆ ಕಾಲುಗಂಟೆ ಜೊತೆಯಲ್ಲಿ ಕುಳಿತು ಓದಿರಿ. ಮಗುವು ಕೇಳುವ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ, ತಿಳಿಯದೆಂದು ಹೇಳಿ ಮಠದ ಗ್ರಂಥಾಲಯಕ್ಕೆ ಕರೆದುಕೊಂಡು ಬನ್ನಿರಿ. ಗದರಿಸಿ ಬಾಯಿ ಮುಚ್ಚಿಸುವುದು ಅನುಭವಮಂಟಪದ ಮಕ್ಕಳಿಗೆ ತಕ್ಕ ಮಾರ್ಗವಲ್ಲ. ಪ್ರಶ್ನೆಯನ್ನು ಕೇಳಿ, ವಾದಿಸಿ, ಒಪ್ಪಿ, ಮುಂದೆ ಸಾಗಿದ ಶರಣರ ಪರಂಪರೆ ನಮ್ಮದು.

ಸತ್ಯವನ್ನು ಹೇಳಿದರೆ ಭಕ್ತಿ ಕುಂದುವುದೆಂಬ ಭಯವು ಶರಣರ ವಿಷಯದಲ್ಲಿ ಸಲ್ಲದು. ಪರೀಕ್ಷೆಯನ್ನು ತಾಳಲಾರದ ಬಾಳನ್ನು ಅವರು ಬಾಳಲಿಲ್ಲ. ನಾವು ಹೊದಿಸಿದ ಹೊದಿಕೆಗಳನ್ನು ತೆಗೆದಷ್ಟೂ ಅವರು ಹೆಚ್ಚು ಹೆಚ್ಚು ದೊಡ್ಡವರಾಗಿ ಕಾಣುವರು, ಹೆಚ್ಚು ಹೆಚ್ಚು ಹತ್ತಿರದವರೂ ಆಗುವರು. ಆ ಹತ್ತಿರದ ದಾರಿಯನ್ನು ಮಕ್ಕಳಿಗೆ ತೋರಿಸಿಕೊಡುವುದು ಗುರುವಿನ ಕರ್ತವ್ಯವಾದಷ್ಟೇ ತಂದೆತಾಯಿಗಳ ಕರ್ತವ್ಯವೂ ಆಗಿದೆ.